ಸಿಂಧನೂರಿನ ಬಂಗಾಳಿ ಕ್ಯಾಂಪ್‌ಗಳಲ್ಲಿ ದಶಕಗಳಿಂದ ಇದ್ದರೂ ಕೆಲವರಿಗೆ ಪೌರತ್ವ ಯಾಕೆ ಸಿಕ್ಕಿಲ್ಲ?

ಸರ್ಕಾರ ಜಾಗ ಕೊಟ್ಟ ಮಾತ್ರಕ್ಕೆ ಪೌರತ್ವ ತಾನಾಗೇ ಬರುವುದಿಲ್ಲ, ಅದಕ್ಕೇ. ಪೂರ್ವ ಪಾಕಿಸ್ತಾನ (ಈಗಿನ ಬಾಂಗ್ಲಾದೇಶ) ಬಿಟ್ಟು ಬಂದ ಈ ಕುಟುಂಬಗಳನ್ನು ರಾಯಚೂರು ಜಿಲ್ಲೆಗೆ ತಂದು ನೆಲೆಯೂರಿಸಿದ್ದು ಸರ್ಕಾರವೇ. ಆದರೆ ಭಾರತ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಹಾಗಾಗಿ ಎಲ್ಲದಕ್ಕೂ ಪೌರತ್ವ ಕಾಯ್ದೆಯೇ ಗತಿ. ಅದು ಮೊದಲು ಕೇಳುವುದು ಎಲ್ಲಿ, ಯಾವಾಗ ಹುಟ್ಟಿದಿರಿ ಅಂತ. ಒಂದೇ ಮನೆಯಲ್ಲಿ ನೋಡಿ: 1987ರ ಜುಲೈಗೆ ಮೊದಲು ಕ್ಯಾಂಪಿನಲ್ಲೇ ಹುಟ್ಟಿದ ತಮ್ಮ ಹುಟ್ಟಿನಿಂದಲೇ ಭಾರತೀಯ. ಗಡಿಯಾಚೆ ಹುಟ್ಟಿ ತೊಟ್ಟಿಲಲ್ಲೇ ಬಂದ ಅಕ್ಕ ಅರ್ಜಿ ಹಾಕಬೇಕು. ವಿಚಿತ್ರ ಅಲ್ವಾ?

ಈ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ (ಸಿಎಎ) ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಹಿಂದೂ, ಸಿಖ್ ಮುಂತಾದ ಆರು ಮುಸ್ಲಿಮೇತರ ಸಮುದಾಯದವರಿಗೆ ಮಾತ್ರ ದಾರಿ ಸಲೀಸು ಮಾಡಿತು. ಅದರ ನಿಯಮ ಬರಲು 2024ರ ಮಾರ್ಚ್ ಆಯಿತು, ಇದು ಜಾಸ್ತಿಯೇ ತಡ. ಈಗಲೂ ಹಳೇ ಕಾಗದ ಕೇಳುತ್ತಾರೆ. ಎಲ್ಲ ಬಿಟ್ಟು ಓಡಿಬಂದವರ ಟ್ರಂಕಿನಲ್ಲಿ ಅದು ಸಿಗುವುದೇ ಅಪರೂಪ.