ಜನರ ಕೂಗಿಗೆ ಫುಟ್‌ಬಾಲ್ ರೆಫ್ರಿಯ ತೀರ್ಪು ನಿಜವಾಗಿಯೂ ಬದಲಾಗುತ್ತದೆಯೇ?

ಹೌದು, ಬದಲಾಗುತ್ತದೆ. ಹಾಗಂತ ರೆಫ್ರಿ ಮೋಸ ಮಾಡುತ್ತಾರೆ ಅಂತಲ್ಲ.

ನಮ್ಮ ತೀರ್ಥಹಳ್ಳಿ ಕಡೆ ಕಬಡ್ಡಿ ನೋಡಿದವರಿಗೆ ಇದು ಗೊತ್ತು. ಕಾಲು ಗೆರೆ ದಾಟಿತೋ ಇಲ್ಲವೋ ಅನ್ನುವಷ್ಟರಲ್ಲಿ ಊರಿಗೆ ಊರೇ 'ಔಟ್' ಅಂತ ಕೂಗುತ್ತದೆ. ಸೀಟಿ ಹಿಡಿದವರ ಕಿವಿಗೂ ಅದು ಬೀಳುತ್ತದೆ ಅಲ್ವಾ?

ಫುಟ್‌ಬಾಲ್‌ನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಇಂಗ್ಲೆಂಡಿನ ಸಂಶೋಧಕ ಅಲನ್ ನೆವಿಲ್ ಮತ್ತು ಜೊತೆಗಾರರು 40 ರೆಫ್ರಿಗಳಿಗೆ ಲಿವರ್‌ಪೂಲ್-ಲೆಸ್ಟರ್ ಪಂದ್ಯದ 47 ಟ್ಯಾಕಲ್‌ಗಳ (ಎದುರಾಳಿಯಿಂದ ಚೆಂಡು ಕಸಿಯುವ ಯತ್ನಗಳ) ವಿಡಿಯೊ ತೋರಿಸಿದರು. ಕೆಲವರಿಗೆ ಜನರ ಗದ್ದಲದ ಜೊತೆ, ಉಳಿದವರಿಗೆ ಸದ್ದೇ ಇಲ್ಲದೆ. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಗದ್ದಲ ಕೇಳಿದವರು ತವರು ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟಿದ್ದರು. ಎದುರಾಳಿಗೆ ಶಿಕ್ಷೆ ಜಾಸ್ತಿ ಆಗಿದ್ದಕ್ಕಿಂತ, ತವರಿನವರ ತಪ್ಪಿಗೆ ಸೀಟಿ ಊದಲು ಕೈ ಹಿಂಜರಿದಿದ್ದೇ ಹೆಚ್ಚು. ನನಗೆ ಇದೇ ತುಂಬಾ ಮುಖ್ಯ ಅನಿಸುತ್ತದೆ. ಅನುಮಾನವಿದ್ದಾಗ ಮನಸ್ಸು ಸುಳಿವು ಹುಡುಕುತ್ತದೆ, ಕೂಗು ಆ ಸುಳಿವು ಕೊಡುತ್ತದೆ.

ಕೊರೊನಾದಿಂದ ನಿಂತಿದ್ದ ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ 2020ರ ಮೇ ತಿಂಗಳಲ್ಲಿ ಖಾಲಿ ಕ್ರೀಡಾಂಗಣದಲ್ಲಿ ಮತ್ತೆ ಶುರುವಾಯಿತು. ಯುರೋಪಿನ ಬೇರೆ ಲೀಗ್‌ಗಳೂ ಅದೇ ದಾರಿ ಹಿಡಿದವು. ಹೊರಗಿನ ತಂಡಕ್ಕೆ ಸಿಗುತ್ತಿದ್ದ ಹಳದಿ ಕಾರ್ಡ್ ಇಳಿದವು. ತವರಿನ ಲಾಭವೂ ಕುಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಪ್ರಯಾಣದ ಸುಸ್ತು, ಪರಿಚಯದ ನೆಲ ಇವೂ ಇರುತ್ತವಲ್ಲ. ಮಳೆಗಾಲದಲ್ಲಿ ನಮ್ಮ ಮೈದಾನದ ಯಾವ ಮೂಲೆಯಲ್ಲಿ ಚೆಂಡು ಕೆಸರಿಗೆ ಸಿಕ್ಕಿ ನಿಲ್ಲುತ್ತದೆ ಅಂತ ನಮ್ಮ ಹುಡುಗರಿಗೆ ಮಾತ್ರ ಗೊತ್ತು.