ರಿಯೋಕಾನ್‌ನಲ್ಲಿ ತಂಗುವ ಮುನ್ನ

ಪ್ರಶ್ನೆ: ಮುಂದಿನ ವರ್ಷ ನಾವು ದಂಪತಿ, ಎಪ್ಪತ್ತು ದಾಟಿದ ಅತ್ತೆಯವರೊಂದಿಗೆ ಜಪಾನಿಗೆ ಹೋಗಲಿದ್ದೇವೆ. ಬಿಸಿನೀರಿನ ಬುಗ್ಗೆಯಿರುವ ಸಾಂಪ್ರದಾಯಿಕ ವಸತಿಗೃಹದಲ್ಲಿ ಒಂದು ರಾತ್ರಿಯಾದರೂ ತಂಗಬೇಕೆಂಬ ಆಸೆ ನನ್ನದು. ಆದರೆ ಅಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಇತರರೊಡನೆ ಸ್ನಾನ ಮಾಡಬೇಕೆಂದು ಕೇಳಿ ಹಿಂಜರಿಯುತ್ತಿದ್ದೇವೆ. ಸಾಲದ್ದಕ್ಕೆ ನಾವು ಸಸ್ಯಾಹಾರಿಗಳು. ಏನು ಮಾಡಬಹುದು?

ಉತ್ತರ: ದಯವಿಟ್ಟು ಹೋಗಿ ಬನ್ನಿ, ಸಂಕೋಚವೊಂದೇ ಕಾರಣವಾಗಿ ಈ ಆಸೆಯನ್ನು ಕೈಬಿಡಬೇಡಿ. ಇಂಥ ವಸತಿಗೃಹವನ್ನು ಜಪಾನಿನಲ್ಲಿ ರಿಯೋಕಾನ್ ಎಂದೂ ಬಿಸಿನೀರಿನ ಬುಗ್ಗೆಯನ್ನು ಒನ್ಸೆನ್ ಎಂದೂ ಕರೆಯುತ್ತಾರೆ. ಈ ಪರಂಪರೆ ಬಹಳ ಹಳೆಯದು. ಯಾಮಾನಾಶಿ ಪ್ರಾಂತದ ಬೆಟ್ಟಗಳ ನಡುವೆ ಇರುವ ನಿಶಿಯಾಮಾ ಒನ್ಸೆನ್ ಕೇಉನ್‌ಕಾನ್ ಕ್ರಿ.ಶ. 705ರಲ್ಲಿ ಆರಂಭವಾಯಿತೆಂಬ ಪ್ರತೀತಿಯಿದ್ದು, ಜಗತ್ತಿನ ಅತಿ ಹಳೆಯ ಹೋಟೆಲ್ ಎಂಬ ಗಿನ್ನೆಸ್ ಮನ್ನಣೆಯೂ ಅದಕ್ಕೆ ಸಂದಿದೆ.

ಮೊದಲು ಸ್ನಾನದ ವಿಚಾರ. ಗಂಡಸರಿಗೂ ಹೆಂಗಸರಿಗೂ ಸಾಮಾನ್ಯವಾಗಿ ಪ್ರತ್ಯೇಕ ಸ್ನಾನಗೃಹಗಳಿದ್ದು, ಬಾಗಿಲಲ್ಲಿ ತೂಗುವ ಪರದೆಯ ಬಣ್ಣ ಮತ್ತು ಅಕ್ಷರದಿಂದ ಅವನ್ನು ಗುರುತಿಸಬಹುದು. ಆದರೆ ಕೆಲವೆಡೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎರಡನ್ನೂ ಅದಲುಬದಲು ಮಾಡುವುದರಿಂದ ಪ್ರತಿ ಸಲವೂ ಪರದೆಯನ್ನು ನೋಡಿಯೇ ಒಳಗೆ ಹೋಗಬೇಕು. ಅಲ್ಲಿ ಕೊಳವಿರುವುದು ಮೈ ತೊಳೆಯುವುದಕ್ಕಲ್ಲ, ಬಿಸಿನೀರಿನಲ್ಲಿ ಸುಮ್ಮನೆ ಕುಳಿತಿರುವುದಕ್ಕೆ. ಇದೊಂದನ್ನು ಮನಸ್ಸಿಗೆ ತಂದುಕೊಂಡರೆ ಅಲ್ಲಿನ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಗೋಡೆಯ ಉದ್ದಕ್ಕೂ ನಲ್ಲಿಗಳು, ಒಂದೊಂದರ ಮುಂದೆಯೂ ಗಿಡ್ಡನೆಯ ಮಣೆ, ಪಕ್ಕದಲ್ಲಿ ಬೋಗುಣಿ ಇರುತ್ತವೆ. ಮಣೆಯ ಮೇಲೆ ಕುಳಿತು ಸೋಪು ಹಚ್ಚಿ, ನೊರೆಯ ಸುಳಿವೂ ಉಳಿಯದಂತೆ ಮೈ ತೊಳೆದುಕೊಂಡು, ಕೂದಲನ್ನು ಮೇಲೆ ಕಟ್ಟಿ, ಆಮೇಲೆ ನಿಧಾನವಾಗಿ ಕೊಳಕ್ಕೆ ಇಳಿಯಬೇಕು. ಎಲ್ಲರೂ ಹಂಚಿಕೊಳ್ಳುವ ನೀರಾದ್ದರಿಂದ ಈಜುಡುಗೆಗೂ ಸಾಮಾನ್ಯವಾಗಿ ಅವಕಾಶವಿಲ್ಲ. ಕೈಯಲ್ಲಿರುವ ಪುಟ್ಟ ಟವೆಲನ್ನು ನಡೆಯುವಾಗ ಮೈಗೆ ಅಡ್ಡವಾಗಿ ಹಿಡಿಯಬಹುದು, ಆದರೆ ನೀರಿಗೆ ತಾಗಿಸಬಾರದು. ಅದಕ್ಕಾಗಿಯೇ ಜನ ಅದನ್ನು ಮಡಿಸಿ ತಲೆಯ ಮೇಲೆ ಇಟ್ಟುಕೊಂಡಿರುತ್ತಾರೆ. ಅಜ್ಜಿಯರು, ತಾಯಂದಿರು, ಮಕ್ಕಳು ತಮ್ಮ ಪಾಡಿಗೆ ತಾವು ಮೀಯುತ್ತಿರುತ್ತಾರೆ. ಒಬ್ಬರನ್ನೊಬ್ಬರು ದಿಟ್ಟಿಸಿ ನೋಡುವುದು ಅಲ್ಲಿನ ಮರ್ಯಾದೆಯಲ್ಲ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಕಾಶಿಕಿರಿ ಎಂಬ ಖಾಸಗಿ ಕೊಳವನ್ನು ಗೊತ್ತಾದ ಅವಧಿಗೆ ಕಾದಿರಿಸಿಕೊಳ್ಳಬಹುದು. ಅತ್ತೆಯವರೊಂದಿಗೆ ನೀವು ಒಬ್ಬರೇ ಹೋಗಲು ಇದು ಅತ್ಯುತ್ತಮ. ಮೈಮೇಲೆ ಹಚ್ಚೆಯಿರುವವರಿಗೆ ಅನೇಕ ಕಡೆ ಸಾಮೂಹಿಕ ಕೊಳಕ್ಕೆ ಪ್ರವೇಶವಿಲ್ಲದಿರುವುದರಿಂದ ಅಂಥವರಿಗೂ ಇದೇ ದಾರಿ.

ಗಂಧಕದ ನೀರಿಗೆ ಇಳಿಯುವ ಮೊದಲು ಬೆಳ್ಳಿಯ ಕಾಲುಂಗುರಗಳನ್ನು ತೆಗೆದಿಡಿ. ಅವು ಬೇಗನೆ ಕಪ್ಪಾಗುತ್ತವೆ.

ಊಟದ ವಿಷಯ ನಿಜಕ್ಕೂ ಕಷ್ಟದ್ದು, ಅದನ್ನು ಮುಚ್ಚಿಡಲಾರೆ. ಅಲ್ಲಿನ ಬಾಡಿಗೆಯನ್ನು ಹೆಚ್ಚಾಗಿ ಕೋಣೆಗೆ ಇಷ್ಟೆಂದಲ್ಲ, ತಲೆಗೆ ಇಷ್ಟೆಂದು, ರಾತ್ರಿಯೂಟ ಮತ್ತು ಬೆಳಗಿನ ತಿಂಡಿಯನ್ನು ಸೇರಿಸಿ ಹೇಳುತ್ತಾರೆ. ಇದರ ಮೇಲೆ ಸಾಮಾನ್ಯವಾಗಿ ಒಬ್ಬರಿಗೆ 150 ಯೆನ್ ಸ್ನಾನ ತೆರಿಗೆಯಿರುತ್ತದೆ. ಬರಿಯ ತರಕಾರಿ, ತೋಫು ಎಂದು ಕಾಣುವ ಪದಾರ್ಥವೂ ದಾಶಿ ಎಂಬ ಸಾರಿನಲ್ಲಿ ಬೆಂದಿರುತ್ತದೆ, ಆ ಸಾರನ್ನು ಹೆಚ್ಚಾಗಿ ಒಣಮೀನಿನ ಹೆರಕಲಿನಿಂದ ತೆಗೆದಿರುತ್ತಾರೆ. ಆದ್ದರಿಂದ ‘ಸಸ್ಯಾಹಾರಿ’ ಎಂದಷ್ಟೇ ಬರೆದರೆ ಸಾಲದು. ಮಾಂಸ, ಮೀನಿನ ಜೊತೆಗೆ ಮೀನಿನ ದಾಶಿಯೂ ಬೇಡ, ಕೊಂಬು ಎಂಬ ಕಡಲಪಾಚಿಯ ಅಥವಾ ಶಿಟಾಕೆ ಅಣಬೆಯ ದಾಶಿಯಾದೀತು ಎಂದು ಕಾದಿರಿಸುವಾಗಲೇ ಬಿಡಿಸಿ ಹೇಳಿ, ಒಪ್ಪಿಗೆಯ ಉತ್ತರ ಬಂದ ಮೇಲೆ ಹಣ ಕಟ್ಟಿ. ಅಲ್ಲಿಗೆ ತಲುಪಿದ ಸಂಜೆ ಹೇಳಿದರೆ ಅಡುಗೆಯವರೇ ಇಕ್ಕಟ್ಟಿಗೆ ಸಿಲುಕುತ್ತಾರೆ. ಎಲ್ಲಿಯೂ ಒಪ್ಪದಿದ್ದರೆ ವಾಕಾಯಾಮಾ ಪ್ರಾಂತದ ಕೋಯಾಸಾನ್ ಬೆಟ್ಟದ ಬೌದ್ಧ ದೇವಾಲಯಗಳಲ್ಲಿ ತಂಗಿ; ಅಲ್ಲಿ ಬಡಿಸುವ ಶೋಜಿನ್ ರಿಯೋರಿ ಎಂಬ ಊಟದಲ್ಲಿ ಮೀನು, ಮಾಂಸ ಇರುವುದಿಲ್ಲ.

ಊರು ಯಾವುದೆಂದು ನೀವು ಕೇಳಿಲ್ಲ, ಆದರೂ ಹ್ಯೋಗೋ ಪ್ರಾಂತದ ಕಿನೋಸಾಕಿಯನ್ನು ಸೂಚಿಸುವ ಆಸೆಯಾಗುತ್ತದೆ. ಅಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿದ್ದು, ಅತಿಥಿಗಳು ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಟ್ಟು, ಮರದ ಪಾದರಕ್ಷೆ ಮೆಟ್ಟಿ, ಕಾಲುವೆಯ ಪಕ್ಕದಲ್ಲಿ ಒಂದರಿಂದ ಮತ್ತೊಂದಕ್ಕೆ ನಡೆಯುತ್ತಾರೆ. ಯುಕಾತಾ ಉಡುವಾಗ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರಬೇಕು. ತಿರುಗುಮುರುಗಾಗಿ ಉಡಿಸುವುದು ಮೃತರಿಗೆ.

ಅತ್ತೆಯವರ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ನೀರು ಹೆಚ್ಚಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ರಕ್ತದೊತ್ತಡ ಅಥವಾ ಹೃದಯದ ತೊಂದರೆಯಿದ್ದರೆ ವೈದ್ಯರನ್ನು ಕೇಳಿಯೇ ಇಳಿಯಲಿ. ಇಳಿದರೂ ಕೆಲವೇ ನಿಮಿಷ ಕುಳಿತು, ಕೈಹಿಡಿದುಕೊಂಡು ನಿಧಾನವಾಗಿ ಎದ್ದು ಬರಲಿ. ರಾತ್ರಿ ಹಾಸಿಗೆಯನ್ನು ತತಾಮಿ ಚಾಪೆಯ ಮೇಲೆಯೇ ಹಾಸುತ್ತಾರೆ. ನೆಲದಿಂದ ಏಳಲು ಅವರಿಗೆ ಮೊಣಕಾಲು ನೋಯುವುದಾದರೆ ಮಂಚವಿರುವ ಕೋಣೆಯನ್ನೇ ಕೇಳಿ. ಅನೇಕ ರಿಯೋಕಾನ್‌ಗಳಲ್ಲಿ ಈಗ ಅಂಥ ಕೋಣೆಗಳಿವೆ.