ಕಳಸ ಹೊರೋಕೆ ಮಾತ್ರವಾ?

ಪ್ರಶ್ನೆ: ಮೇಡಂ, ಚುನಾವಣೆ ಬಂದರೆ ನಮ್ಮ ಸ್ವಸಹಾಯ ಸಂಘದವರನ್ನು ಕಳಸ ಹೊರೋಕೆ, ಆರತಿ ಎತ್ತೋಕೆ ಕರೀತಾರೆ. ಮೈಕ್ ಮಾತ್ರ ಕೊಡಲ್ಲ. ಹಿಂದೆ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಾದರೂ ಹೆಂಗಸರ ಮಾತಿಗೆ ಬೆಲೆ ಇತ್ತಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಲ್ಲೂ ಮುಖ ತೋರಿಸುವ ಕೆಲಸವೇ ಜಾಸ್ತಿ ಇತ್ತು. 1948ರಲ್ಲಿ ಆಗಿನ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಹ್ಯಾರಿ ಟ್ರೂಮನ್ ರೈಲಿನಲ್ಲಿ ಊರೂರು ಸುತ್ತಿ ಪ್ರಚಾರ ಮಾಡಿದರು. ಕೊನೆಯ ಬೋಗಿಯ ಹಿಂದೆ ನಿಂತು ಭಾಷಣ. ಆಮೇಲೆ ಹೆಂಡತಿ ಬೆಸ್, ಮಗಳು ಮಾರ್ಗರೆಟ್ ಹೊರಗೆ ಬಂದು ಕೈ ಬೀಸುತ್ತಿದ್ದರು.

ಆದರೆ ತುಮಕೂರಿನಲ್ಲಿ ಇತಿಹಾಸ ಪಾಠ ಮಾಡುವಾಗ ನಾನು ಹುಡುಗಿಯರಿಗೆ ಹೇಳುತ್ತಿದ್ದದ್ದು ಇಂಡಿಯಾ ಎಡ್ವರ್ಡ್ಸ್ ಕಥೆ. (ಹೌದು, ಆಕೆಯ ಹೆಸರೇ ಇಂಡಿಯಾ.) ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಮಹಿಳಾ ಪುಟ ನೋಡಿಕೊಳ್ಳುತ್ತಿದ್ದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ್ದ ಮಗ ತೀರಿಕೊಂಡ. 1944ರಲ್ಲಿ ಎದುರು ಪಕ್ಷವಾದ ರಿಪಬ್ಲಿಕನ್ನರ ಸಮಾವೇಶದಲ್ಲಿ ಅವರ ಸಂಸದೆ ಕ್ಲೇರ್ ಬೂತ್ ಲೂಸ್ ಸತ್ತ ಸೈನಿಕರ ಹೆಸರು ಹಿಡಿದು ಮಾತಾಡಿದ್ದು ಈ ತಾಯಿಗೆ ಸಹಿಸಲಾಗಲಿಲ್ಲ. ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ಹೋಗಿ ಸ್ವಯಂಸೇವಕಿಯಾಗಿ ಕೆಲಸಕ್ಕೆ ನಿಂತರು.

1948ರ ಹೊತ್ತಿಗೆ ಪಕ್ಷದ ಮಹಿಳಾ ವಿಭಾಗ ಅವರ ಕೈಯಲ್ಲಿತ್ತು. ಫಿಲಡೆಲ್ಫಿಯಾ ಸಮಾವೇಶದಲ್ಲಿ ಮಾಂಸದ ತುಂಡೊಂದನ್ನು ಎತ್ತಿ ತೋರಿಸಿ ಬೆಲೆಯೇರಿಕೆಯ ಮಾತೆತ್ತಿದರು. ಯುದ್ಧ ಮುಗಿದ ಮೇಲೆ ಬೆಲೆ ನಿಯಂತ್ರಣ ತೆಗೆದಿದ್ದರು, ಎಲ್ಲದರ ರೇಟೂ ಏರಿತ್ತು. ಸಂತೆಗೆ ಹೋಗಿ ಬರುವವರಿಗೆ ಅದನ್ನು ಬಿಡಿಸಿ ಹೇಳಬೇಕಾ? ಟ್ರೂಮನ್ ಸೋಲುತ್ತಾರೆ ಅಂತ ದೊಡ್ಡ ದೊಡ್ಡ ಪತ್ರಿಕೆಗಳೆಲ್ಲ ಬರೆದವು. ಈಕೆ ಮಾತ್ರ ಗೆಲುವನ್ನೇ ನಂಬಿದ್ದರು. ಆಕೆಯ ಹಳೇ ಪತ್ರಿಕೆ ಟ್ರಿಬ್ಯೂನ್ ಅಂತೂ ಎದುರಾಳಿ ಡ್ಯೂಯಿ ಗೆದ್ದರು ಅಂತ ಅಚ್ಚು ಹಾಕಿಯೇ ಬಿಟ್ಟಿತು. ಗೆದ್ದವರು ಟ್ರೂಮನ್.

ನನಗೆ ಇಷ್ಟವಾಗೋದು ಆಮೇಲಿನ ಕೆಲಸ. ಗೆದ್ದ ಮೇಲೆ ಇಂಡಿಯಾ ಸುಮ್ನೆ ಮನೆಗೆ ಹೋಗಲಿಲ್ಲ. ದುಡಿದ ಹೆಂಗಸರಿಗೆ ಹುದ್ದೆ ಕೊಡಿ ಅಂತ ಅಧ್ಯಕ್ಷರ ಬೆನ್ನು ಹತ್ತಿದರು. 1949ರಲ್ಲೇ ಜಾರ್ಜಿಯಾ ನೀಸ್ ಕ್ಲಾರ್ಕ್ ದೇಶದ ಖಜಾಂಚಿಯಾದರು. ಯೂಜಿನಿ ಆಂಡರ್ಸನ್ ಡೆನ್ಮಾರ್ಕಿಗೆ ರಾಯಭಾರಿಯಾಗಿ ಹೋದರು. ಖಜಾಂಚಿ ಹುದ್ದೆಯಾಗಲಿ, ಪೂರ್ಣ ರಾಯಭಾರಿಯ (ಅಂಬಾಸಿಡರ್) ದರ್ಜೆಯಾಗಲಿ ಅದುವರೆಗೆ ಅಮೆರಿಕದ ಯಾವ ಹೆಂಗಸಿಗೂ ಸಿಕ್ಕಿರಲಿಲ್ಲ.

1951ರಲ್ಲಿ ಟ್ರೂಮನ್ ಪಕ್ಷದ ಅಧ್ಯಕ್ಷ ಸ್ಥಾನವನ್ನೇ ಆಕೆಗೆ ಕೊಡಲು ಬಂದರು. ಪಕ್ಷದ ಗಂಡಸರು ಇದಕ್ಕಿನ್ನೂ ಸಿದ್ಧರಿಲ್ಲ ಅಂತ ಆಕೆಯೇ ಬೇಡವೆಂದರು. ಇದೊಂದು ವಿಷಯದಲ್ಲಿ ನಾನು ಆಕೆಯ ಜೊತೆ ಇಲ್ಲ. ಒಪ್ಪಿಕೊಳ್ಳಬೇಕಿತ್ತು.

ಈ ಸಲ ಕಳಸಕ್ಕೆ ಕರೆಯಲು ಬಂದರೆ, ನಮ್ಮ ಸಂಘದಿಂದ ಒಬ್ಬರು ಮಾತಾಡ್ತಾರೆ, ಆಮೇಲೆ ಕಳಸ ಅನ್ನಿ. ವಿಷಯ ಹುಡುಕಬೇಕಿಲ್ಲ. ನಿಮ್ಮೂರಿನ ಕೊಬ್ಬರಿ ಧಾರಣೆಯಿಂದಲೇ ಶುರು ಮಾಡಿ.